ಗ್ರೀಷ್ಮಗಾನ ಮೀಮಾಂಸೆ: ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ಹಳೆ ಹಾಡು ಮತ್ತು ವಾರಾಂತ್ಯಕರ್ಮದ ಮೇಲೊಂದು ಲಘುಭಾಷ್ಯ

ಹಿಂದೊಂದು ಬೇಸಿಗೆಯಲ್ಲಿ ಕೇಳಿದ ಹಾಡನ್ನು ಈಗಿನ ಬೇಸಿಗೆಯಲ್ಲಿ ಮತ್ತೆ ಕೇಳಿ ಸುಖಪಡುವುದಕ್ಕೆ ಗ್ರೀಷ್ಮಗಾನವೆಂದು ಹೆಸರು. ಒಂದೇ ಶನಿವಾರ-ಭಾನುವಾರದೊಳಗೆ ಮೂರಕ್ಕೆ ಕಡಿಮೆಯಿಲ್ಲದ ಕಾರ್ಯಗಳಿಗೆ ಹೋಗಿ, ಕೂತು, ಉಂಡು, ಮುಯ್ಯಿ ಬರೆಸಿ ಬರುವುದಕ್ಕೆ ವಾರಾಂತ್ಯಕರ್ಮವೆಂದು ಹೆಸರು. ಇವು ಎರಡು ಬೇರೆ ವಿಷಯಗಳೆಂದು ಹೊರಗಿನವರಿಗೆ ಅನ್ನಿಸಬಹುದು. ಕೃಷ್ಣೆಯ ಉತ್ತರಕ್ಕಿರುವ ನಾರಾಯಣಪೇಟೆ, ಮಕ್ತಲ್‌ಗಳಲ್ಲಿ, ಕೃಷ್ಣೆ-ತುಂಗಭದ್ರೆಗಳ ನಡುವಿನ ನಡಿಗಡ್ಡೆಯ ಗದ್ವಾಲಿನಲ್ಲಿ ಮಾತ್ರ ಒಂದಿಲ್ಲದೆ ಇನ್ನೊಂದಿಲ್ಲ. ಹಾಡು ಕೇಳಬೇಕಾದರೆ ಕಾರ್ಯಕ್ಕೆ ಹೋಗಬೇಕು; ಕಾರ್ಯಕ್ಕೆ ಹೋದವರಿಗೆ ಹಾಡಿನಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಮೊದಲಿಗೇ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಗದ್ವಾಲ್ ಸಂಸ್ಥಾನಕ್ಕೆ ‘ವಿದ್ವದ್ಗದ್ವಾಲ್’ ಎಂಬ ಬಿರುದು ಇದ್ದುದರಿಂದ ಈ ಸೀಮೆಯ ಬಗ್ಗೆ ಬರೆಯುವವರು ಕಟ್ಟಳೆ ಮೀರುವಂತಿಲ್ಲ. ಮೀರಿದರೆ ಹಳೆಯ ಆಸ್ಥಾನಪಂಡಿತರು ಗದ್ವಾಲಿನ ಅರಸ ಸೋಮನಾದ್ರಿಯ ಕೋಟೆಯಿಂದ ಇಳಿದುಬಂದು ವಿಭಕ್ತಿ ಪ್ರತ್ಯಯ ಕೇಳಿಯಾರು. ವಿಷಯ ಮೇಲೆ ಹೇಳಿದ್ದೇ. ಪ್ರಯೋಜನ ಏನೂ ಇಲ್ಲ. ಈ ಬಗ್ಗೆ ಪಂಡಿತರಲ್ಲಿ ಭಿನ್ನಾಭಿಪ್ರಾಯವಿಲ್ಲ. ಸಂಬಂಧ ಎಷ್ಟು ಹತ್ತಿರದ್ದೋ ಅಷ್ಟು ಹೊತ್ತು ಕೂರಬೇಕು. ಅಧಿಕಾರಿ ಯಾರೆಂದರೆ, ವಯಸ್ಸು ನಲವತ್ತು ದಾಟಿರಬೇಕು, ಗೋಡೆಯ ಕ್ಯಾಲೆಂಡರಿನಲ್ಲಿ ಒಂದೇ ಭಾನುವಾರದ ಸುತ್ತ ಕನಿಷ್ಠ ಎರಡು ಬಗೆಯ ಪೆನ್ನಿನ ಗುರುತಿರಬೇಕು, ಮತ್ತು ಮನೆಯಲ್ಲಿ ಯಾವುದೋ ಪೆಟ್ಟಿಗೆಯ ತಳದಲ್ಲಿ ಸುತ್ತಿಕೊಂಡ ಟೇಪಿನ ಒಂದು ಕ್ಯಾಸೆಟ್ ಎಸೆಯಲಾಗದೆ ಉಳಿದಿರಬೇಕು. ಮೊಬೈಲಿನಲ್ಲಿ ಹಾಡನ್ನು ಅರ್ಧಕ್ಕೇ ಮುಂದೋಡಿಸುವ ಅಭ್ಯಾಸವಿದ್ದವರಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ. ಅವರು ಬೇಕಾದರೆ ಪಂಕ್ತಿಯಲ್ಲಿ ನೀರು ಬಡಿಸಬಹುದು.

ದೇಶಕಾಲ

ಈ ಸೀಮೆಯ ನಕ್ಷೆ ನೆಟ್ಟಗಿಲ್ಲ, ಆದ್ದರಿಂದ ಹಾಡೂ ನೆಟ್ಟಗಿಲ್ಲ. ಹೈದರಾಬಾದ್ ಸಂಸ್ಥಾನವಿದ್ದಾಗ ಗದ್ವಾಲ್, ಆಲಂಪುರಗಳು ರಾಯಚೂರು ಜಿಲ್ಲೆಯ ತಾಲೂಕುಗಳಾಗಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ರಾಯಚೂರು ಮೈಸೂರಿಗೆ ಬಂತು. ಈ ಎರಡು ತಾಲೂಕುಗಳು ಮಾತ್ರ ಬಿಟ್ಟುಹೋಗಿ ಮಹಬೂಬನಗರ ಜಿಲ್ಲೆ ಸೇರಿದವು. ಆಮೇಲೆ ತೆಲಂಗಾಣದಲ್ಲಿ 2016ರ ಅಕ್ಟೋಬರಿನಲ್ಲಿ ಜೋಗುಳಾಂಬ ಗದ್ವಾಲ್ ಜಿಲ್ಲೆಯೂ, 2019ರ ಫೆಬ್ರುವರಿಯಲ್ಲಿ ನಾರಾಯಣಪೇಟೆ ಜಿಲ್ಲೆಯೂ ಆದವು. ಮಕ್ತಲ್ ಎರಡನೆಯದರ ಪಾಲಿಗೆ ಬಿತ್ತು. ಹೊಸ ಜಿಲ್ಲೆಯಾದಾಗಲೆಲ್ಲ ಕಚೇರಿಯ ಫಲಕ ಬದಲಾಗಿದೆ, ಬೀಗರ ಮನೆ ಬದಲಾಗಿಲ್ಲ. ಮಗಳನ್ನು ರಾಯಚೂರಿಗೋ ದೇವಸೂಗೂರಿಗೋ ಕೊಟ್ಟವರು, ಸೊಸೆಯನ್ನು ಯಾದಗಿರಿಯಿಂದಲೋ ಗುರುಮಠಕಲ್‌ನಿಂದಲೋ ತಂದವರು, ಲಗ್ನಪತ್ರಿಕೆ ಅಚ್ಚು ಹಾಕಿಸುವಾಗ ಒಂದು ಮಗ್ಗುಲಿಗೆ ಕನ್ನಡ ಒಂದು ಮಗ್ಗುಲಿಗೆ ತೆಲುಗು ಮಾಡಿಸುತ್ತಾರೆ. ಎರಡರಲ್ಲಿ ಒಂದು ಕಡೆ ಮುಹೂರ್ತದ ಹೊತ್ತು ತಪ್ಪಾಗಿರುವುದು ವಾಡಿಕೆ. ಯಾವುದು ತಪ್ಪು ಎಂಬುದನ್ನು ಮದುವೆಗೆ ಹೋದ ಮೇಲೆಯೇ ನಿರ್ಣಯಿಸಲು ಸಾಧ್ಯ.

ನಾರಾಯಣಪೇಟೆಯ ರೈಲ್ವೆ ನಿಲ್ದಾಣ ಬಹುಕಾಲ ನಾರಾಯಣಪೇಟೆ ರೋಡ್ ಎಂಬ ಹೆಸರಿನಲ್ಲಿ ಕರ್ನಾಟಕದ ಸೈದಾಪುರದಲ್ಲಿತ್ತು. ಊರು ಒಂದು ರಾಜ್ಯ, ಅದರ ಸ್ಟೇಷನ್ನು ಇನ್ನೊಂದು ರಾಜ್ಯ. ಇಂಥ ಊರಿನವರಿಗೆ ಹಾಡು ಒಂದು ಭಾಷೆಯದು, ಅದರ ನೆನಪು ಇನ್ನೊಂದು ಭಾಷೆಯದು ಆಗಿರುವುದರಲ್ಲಿ ವಿಶೇಷವೇನೂ ಇಲ್ಲ. ನಾರಾಯಣಪೇಟೆಯ ಪೇಟೆಬೀದಿಯಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ನಡೆಯುತ್ತವೆ. ಸೀರೆ ಅಂಗಡಿಯಲ್ಲಿ ಚೌಕಾಸಿ ಯಾವ ಭಾಷೆಯಲ್ಲಿ ಶುರುವಾದರೂ ಕೊನೆಗೆ ಅಂಕಿಗಳಲ್ಲಿ ಮುಗಿಯುತ್ತದೆ. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿವೆ. ಅಲ್ಲಿ ಹತ್ತನೇ ತರಗತಿಯ ಪರೀಕ್ಷೆ ತೆಲಂಗಾಣದ್ದು, ಪ್ರಶ್ನೆಪತ್ರಿಕೆ ಕನ್ನಡದ್ದು, ಪರೀಕ್ಷೆ ಮುಗಿದ ಸಂಜೆ ಟೆಂಪೋದಲ್ಲಿ ಹಾಕುವ ಹಾಡು ಯಾವುದಾದರೂ ಆಗಬಹುದು.

ಇನ್ನು ಕಾಲ. ಮಕ್ತಲ್‌ನ ಪಡಮಟಿ ಆಂಜನೇಯನ ಜಾತ್ರೆ, ಮಲ್ದಕಲ್ ತಿಮ್ಮಪ್ಪನ ಜಾತ್ರೆ ಮಾರ್ಗಶಿರದವು, ಕುರುಮೂರ್ತಿಯದು ಕಾರ್ತೀಕದ್ದು. ಸೀಮೆಯ ದೊಡ್ಡ ದೇವರೆಲ್ಲ ಚಳಿಗಾಲವನ್ನು ತಮಗಿಟ್ಟುಕೊಂಡು, ಬಿಸಿಲುಗಾಲವನ್ನು ಮನುಷ್ಯರ ಮದುವೆಗೆ ಬಿಟ್ಟುಕೊಟ್ಟಿದ್ದಾರೆ. ಇದು ಔದಾರ್ಯವೋ ಜಾಣತನವೋ ಹೇಳುವುದು ಕಷ್ಟ. ಯುಗಾದಿಯಿಂದ ಆಷಾಢ ಹುಟ್ಟುವವರೆಗೆ, ಅಂದರೆ ಕಪ್ಪು ನೆಲ ಬಿರುಕು ಬಿಟ್ಟಾಗಿನಿಂದ ಮೊದಲ ಮಳೆಗೆ ಕೂರಿಗೆ ಹೊರಬರುವವರೆಗೆ, ಈ ಶಾಸ್ತ್ರಕ್ಕೆ ಪ್ರಶಸ್ತ ಕಾಲ. ಒಕ್ಕಲು ಮುಗಿದಿರುತ್ತದೆ, ಹತ್ತಿ ಮಾರಿದ ದುಡ್ಡಿನಲ್ಲಿ ಸಾಲ ತೀರಿಸಿ ಉಳಿದದ್ದು ಕೈಯಲ್ಲಿರುತ್ತದೆ, ಮಕ್ಕಳಿಗೆ ರಜೆ, ಉಷ್ಣಾಂಶ ನಲವತ್ತು ದಾಟಿರುತ್ತದೆ. ಮನೆಯೊಳಗೆ ಇರಲಾಗದ ಕಾರಣ ಎಲ್ಲರೂ ಇನ್ನೊಬ್ಬರ ಮನೆಗೆ ಹೊರಡುತ್ತಾರೆ.

ಪೂರ್ವಪಕ್ಷ, ಸಿದ್ಧಾಂತ

ಹಳೆಯ ಹಾಡು ಯಾಕೆ ಹಿಡಿಸುತ್ತದೆ ಎಂಬುದು ಮೂಲಪ್ರಶ್ನೆ. ಸಾಹಿತ್ಯ ಚೆನ್ನಾಗಿತ್ತು, ರಾಗ ಚೆನ್ನಾಗಿತ್ತು, ಈಗಿನಂತೆ ಗದ್ದಲವಿರಲಿಲ್ಲ ಎಂಬುದು ಪೂರ್ವಪಕ್ಷ. ಮದುವೆಮನೆಯ ಕುರ್ಚಿಗಳಲ್ಲಿ ಹಿಂದಿನ ಸಾಲಿನವರು ಸಾಮಾನ್ಯವಾಗಿ ಈ ಪಕ್ಷದವರು. ಇದು ನಿಲ್ಲುವುದಿಲ್ಲ. ಅದೇ ವರ್ಷ ಬಂದ ಎಷ್ಟೋ ಒಳ್ಳೆಯ ಹಾಡುಗಳು ಯಾರ ನೆನಪಿನಲ್ಲೂ ಇಲ್ಲ. ಅರ್ಥವೇ ಇಲ್ಲದ ಎಷ್ಟೋ ಹಾಡುಗಳನ್ನು ಐವತ್ತು ದಾಟಿದ ಗುಮಾಸ್ತರು ಸ್ನಾನದ ಮನೆಯಲ್ಲಿ ಇಂದಿಗೂ ಹಾಡುತ್ತಾರೆ.

ಸಿದ್ಧಾಂತ ಇದು: ಯಾವ ಹಾಡಿನಿಂದ ಓಡಿಹೋಗಲು ಆಗಲಿಲ್ಲವೋ ಅದೇ ಮುಂದೆ ಪ್ರಿಯವಾಗುತ್ತದೆ. ಊರಿಗೊಂದು ಮೈಕ್ ಸೆಟ್ ಇದ್ದ ಕಾಲದಲ್ಲಿ ಅದರ ಒಡೆಯನ ಹತ್ತಿರ ಎಷ್ಟು ಕ್ಯಾಸೆಟ್ ಇದ್ದವೋ ಅಷ್ಟೇ ಊರಿನ ಸಂಗೀತ. ಅವನಿಗೆ ಒಂದು ಕ್ಯಾಸೆಟ್ ಹಿಡಿಸಿದರೆ ಆ ವರ್ಷ ಹನ್ನೆರಡು ಮದುವೆಗೂ ಅದೇ. ಕೇಳುವವನು ಹಾಡನ್ನು ಆರಿಸಿಕೊಂಡಿಲ್ಲ, ಹಾಡು ಕೇಳುವವನನ್ನು ಹುಡುಕಿಕೊಂಡು ಹೊಲದವರೆಗೂ ಬಂದಿದೆ. ತಾನೇ ದುಡ್ಡು ಕೊಟ್ಟು ತಂದು, ಇಷ್ಟಪಟ್ಟು ಕೇಳಿದ ಹಾಡನ್ನು ಅದೇ ಮನುಷ್ಯ ಮರೆತಿರುತ್ತಾನೆ ಎಂಬುದು ಸಿದ್ಧಾಂತಕ್ಕೆ ಒತ್ತಾಸೆ.

ಹಾಗಾದರೆ ಒತ್ತಾಯದಿಂದ ಕೇಳಿದ್ದೆಲ್ಲ ಪ್ರಿಯವಾಗಬೇಕಲ್ಲ, ಬಿತ್ತನೆಬೀಜದ ಆಟೋ ಪ್ರಚಾರದ ನೆನಪಿಗೆ ಯಾರೂ ಕಣ್ಣೀರು ಹಾಕುವುದಿಲ್ಲವಲ್ಲ ಎಂದು ಆಕ್ಷೇಪ. ಸಮಾಧಾನ: ಒತ್ತಾಯದ ಜೊತೆಗೆ ಮೂರು ಸಹಕಾರಿ ಕಾರಣಗಳು ಬೇಕು. ಶಾಲೆಗೆ ರಜೆ ಇರಬೇಕು, ಮಲಗಲು ಮಾಳಿಗೆ ಇರಬೇಕು, ಖರ್ಚು ಇನ್ನೊಬ್ಬರದಾಗಿರಬೇಕು. ಮೂರರಲ್ಲಿ ಮೂರನೆಯದೇ ಮುಖ್ಯವೆಂದು ಭಾಷ್ಯಕಾರರ ಒಲವು. ಮಗಳ ಮದುವೆಗೆ ತಾನೇ ಮೈಕ್ ಕರೆಸಿ ದುಡ್ಡು ಕೊಟ್ಟ ಅಪ್ಪನಿಗೆ ಆ ದಿನದ ಒಂದು ಹಾಡೂ ನೆನಪಿಲ್ಲ. ಊಟಕ್ಕೆ ಬಂದಿದ್ದ ಪಕ್ಕದೂರಿನ ಹುಡುಗನಿಗೆ ಹಾಡುಗಳ ಕ್ರಮ ಸಮೇತ ನೆನಪಿದೆ.

ಧ್ವನಿವಿಚಾರ

ಮಾಳಿಗೆಯ ಮಾತು ಬಂದದ್ದರಿಂದ ಅದರ ಭೌತಶಾಸ್ತ್ರವನ್ನು ಬಿಡುವಂತಿಲ್ಲ. ಬೇಸಿಗೆಯ ಹಗಲಿನಲ್ಲಿ ನೆಲ ಕಾದು ನೆಲದ ಪಕ್ಕದ ಗಾಳಿ ಬಿಸಿಯಾಗಿರುತ್ತದೆ, ಮೇಲಿನದು ಅದಕ್ಕಿಂತ ತಂಪು. ಬಿಸಿ ಗಾಳಿಯಲ್ಲಿ ಶಬ್ದ ಜೋರಾಗಿ ಓಡುತ್ತದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 42 ಡಿಗ್ರಿಯಲ್ಲಿ ಸುಮಾರು 356. ಕೆಳಗೆ ವೇಗ, ಮೇಲೆ ನಿಧಾನವಾದಾಗ ಶಬ್ದದ ಅಲೆ ಮೇಲಕ್ಕೆ ಬಾಗುತ್ತದೆ. ಆದ್ದರಿಂದ ಮಧ್ಯಾಹ್ನ ಎರಡು ಗಂಟೆಗೆ ಪಕ್ಕದ ಊರಿನ ಮದುವೆಯ ಹಾಡು ಹದ್ದುಗಳ ಪಾಲು. ರಾತ್ರಿ ನೆಲ ಬೇಗ ಆರುತ್ತದೆ, ಮೇಲಿನ ಗಾಳಿ ಬೆಚ್ಚಗೇ ಇರುತ್ತದೆ. ಆಗ ಅಲೆ ಕೆಳಕ್ಕೆ ಬಾಗಿ ಮೈಲುಗಟ್ಟಲೆ ದೂರದ ಮಾಳಿಗೆಯ ಮೇಲೆ ಬಂದು ಇಳಿಯುತ್ತದೆ. ಹಗಲಿಡೀ ಕೇಳಿಸದ ಊರು ನಡುರಾತ್ರಿ ತಲೆದಿಂಬಿನ ಪಕ್ಕಕ್ಕೇ ಬಂದು ಹಾಡುವುದಕ್ಕೆ ಕಾರಣ ಇದು, ದೆವ್ವವಲ್ಲ. ಬಿಸಿಲಲ್ಲಿ ಹಾಡು ಕಿಲೋಮೀಟರಿಗೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಬೇಗ ತಲುಪುತ್ತದೆಂಬುದೂ ಲೆಕ್ಕದಿಂದ ಸಿದ್ಧ. ಈ ಉಳಿತಾಯದ ಹೊತ್ತನ್ನು ಮದುವೆಗೆ ತಡವಾಗಿ ಬಂದವರು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಲು ನೋಡುತ್ತಾರೆ, ಬೀಗರು ಒಪ್ಪುವುದಿಲ್ಲ.

ರೇಡಿಯೋಕ್ಕೂ ರಾತ್ರಿಯೇ ಮಿತ್ರ. ಹಗಲು ವಾಯುಮಂಡಲದ ಮೇಲ್ಪದರವೊಂದು ಮಧ್ಯಮ ತರಂಗಗಳನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದೊಡನೆ ಆ ಪದರ ಕರಗಿ, ದೂರದ ನಿಲಯಗಳು ಆಕಾಶಕ್ಕೆ ಬಡಿದು ಹಿಂತಿರುಗುತ್ತವೆ. 738 ಕಿಲೋಹರ್ಟ್ಸ್‌ನಲ್ಲಿ ಹೈದರಾಬಾದು, 765ರಲ್ಲಿ ಧಾರವಾಡ, 837ರಲ್ಲಿ ವಿಜಯವಾಡ, 1107ರಲ್ಲಿ ಕಲಬುರಗಿ. ಮುಳ್ಳು ಒಂದು ಕೂದಲೆಳೆ ಸರಿದರೆ ಕನ್ನಡದ ಭಾವಗೀತೆಯ ಪಲ್ಲವಿಗೆ ತೆಲುಗಿನ ಚರಣ ಬಂದು ಕೂಡುತ್ತಿತ್ತು. ಮಕ್ತಲ್‌ನ ಮಾಳಿಗೆಯ ಮೇಲೆ ಹೀಗೆ ಹುಟ್ಟಿದ ಮಿಶ್ರಗೀತೆಗಳನ್ನು ಯಾವ ಚಿತ್ರದಲ್ಲೂ ಹುಡುಕಿ ಪ್ರಯೋಜನವಿಲ್ಲ. ದೂರದಲ್ಲಿ ಮಿಂಚಿದರೆ ರೇಡಿಯೋದಲ್ಲಿ ಚರ್ ಎನ್ನುವುದು. ಅದನ್ನು ಕೇಳಿ ಮಳೆ ಯಾವ ದಿಕ್ಕಿನಲ್ಲಿದೆ ಎಂದು ಹೇಳುವ ಮುದುಕರಿದ್ದರು. ಹೇಳಿದ್ದು ನಿಜವಾಗುತ್ತಿತ್ತೇ ಎಂಬುದು ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.

ಕ್ಯಾಸೆಟ್ಟಿನ ಪರಿಮಾಣವನ್ನು ಸ್ಥಳೀಯ ಮಾನದಲ್ಲಿ ಹೇಳುವುದು ಉಚಿತ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ ಅರ್ಧ ಗಂಟೆಯಾದ್ದರಿಂದ ಟೇಪಿನ ಉದ್ದ ಸುಮಾರು 86 ಮೀಟರ್. ಸೀರೆಗೆ ಐದೂವರೆ ಮೀಟರಿನಂತೆ ಹಿಡಿದರೆ ಇದು ಹದಿನೈದೂವರೆ ಗದ್ವಾಲ್ ಸೀರೆಗೆ ಸಮ. ಗದ್ವಾಲ್ ಸೀರೆಯ ಮೈ ಹತ್ತಿ, ಅಂಚು-ಸೆರಗು ರೇಷ್ಮೆ. ಎರಡನ್ನೂ ಮಗ್ಗದ ಮೇಲೆಯೇ ಕೂಡಿಸಿ ನೇಯುತ್ತಾರೆ. ಹಳೆಯ ರೆಕಾರ್ಡಿಂಗ್ ಅಂಗಡಿಯವರ ಕ್ಯಾಸೆಟ್ಟುಗಳೂ ಹೀಗೆಯೇ ಎರಡು ಬಗೆಯ ನೂಲಿನವು. ಗಿರಾಕಿ ಬರೆದುಕೊಟ್ಟ ಚೀಟಿಯಂತೆ ಒಂದು ಮಗ್ಗುಲಿಗೆ ರಾಜ್‌ಕುಮಾರ್, ಇನ್ನೊಂದಕ್ಕೆ ಎನ್.ಟಿ.ಆರ್., ಉಳಿದ ಎರಡೂವರೆ ನಿಮಿಷಕ್ಕೆ ಅಂಗಡಿಯವನ ಇಷ್ಟದ ಹಿಂದಿ ಹಾಡು, ಅದೂ ಪಲ್ಲವಿ ಮುಗಿಯುವ ಮೊದಲೇ ಕತ್ತರಿಸಿದ್ದು. ಆ ಹಾಡು ಎಲ್ಲಿ ಕೇಳಿಸಿದರೂ ಅದೇ ಜಾಗದಲ್ಲಿ ನಿಲ್ಲುತ್ತದೆಂದು ಕಾದು, ನಿಲ್ಲದಿದ್ದಾಗ ಮೋಸಹೋದಂತಾಗುವವರು ಉತ್ತಮಾಧಿಕಾರಿಗಳು.

ಗಾಯಕರ ಗಡಿದಾಟು

ಗಡಿಯವರು ಯಾವ ಭಾಷೆಯ ಹಾಡನ್ನು ಪ್ರೀತಿಸಬೇಕು ಎಂಬ ಧರ್ಮಸಂಕಟವನ್ನು ಗಾಯಕರೇ ಪರಿಹರಿಸಿದ್ದಾರೆ. ಬಹುಕಾಲ ರಾಜ್‌ಕುಮಾರರ ಕಂಠವಾಗಿದ್ದ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ. ಕನ್ನಡದ ಕೋಗಿಲೆ ಎಂದು ಕನ್ನಡಿಗರು ಪಾಲು ಬಿಟ್ಟುಕೊಡದ ಎಸ್. ಜಾನಕಿ ಗುಂಟೂರು ಕಡೆಯವರು. ಎಸ್.ಪಿ. ಬಾಲಸುಬ್ರಹ್ಮಣ್ಯಂ 1966ರಲ್ಲಿ ಮೊದಲು ಹಾಡಿದ್ದು ತೆಲುಗು ಚಿತ್ರಕ್ಕೆ. ಎರಡನೆಯದು ಕನ್ನಡದ ‘ನಕ್ಕರೆ ಅದೇ ಸ್ವರ್ಗ’. ಮದುವೆಮನೆಯಲ್ಲಿ 1980ರ ‘ಶಂಕರಾಭರಣಂ’ ಮುಗಿದು 1987ರ ‘ಪ್ರೇಮಲೋಕ’ ಶುರುವಾದರೆ ರಾಜ್ಯ ಬದಲಾಗುತ್ತದೆ, ಗಂಟಲು ಬದಲಾಗುವುದಿಲ್ಲ. ಯಾರ ಹಾಡು ಯಾರದು ಎಂಬ ಜಗಳ ಈ ಮೂರು ಊರುಗಳಲ್ಲಿ ಸಾಮಾನ್ಯವಾಗಿ ಅಡುಗೆಯವರ ಮಧ್ಯೆ ಮಾತ್ರ ನಡೆಯುತ್ತದೆ, ಅದೂ ಎಣ್ಣೆ ಕಾಯುವವರೆಗೆ.

ಇದಕ್ಕಿಂತ ಹಳೆಯ ಪದರವೊಂದಿದೆ. ದಾಸಚತುಷ್ಟಯದಲ್ಲಿ ಒಬ್ಬರಾದ ಗೋಪಾಲದಾಸರು, ‘ಭಕ್ತಿಯಲ್ಲಿ ಭಾಗಣ್ಣ’ ಎನ್ನಿಸಿಕೊಂಡವರು, ರಾಯಚೂರು ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿ ಗದ್ವಾಲ್ ಸೀಮೆಯ ಉತ್ತನೂರಿನಲ್ಲಿ ನೆಲೆ ನಿಂತವರು. ತಮ್ಮ ಆಯುಸ್ಸಿನ ನಲವತ್ತು ವರ್ಷವನ್ನು ಮಾನ್ವಿಯ ಜಗನ್ನಾಥದಾಸರಿಗೆ ದಾನ ಮಾಡಿದರೆಂದು ಐತಿಹ್ಯ. ಈಗಲೂ ಗದ್ವಾಲಿನ ಕೆಲವು ಮನೆಗಳಲ್ಲಿ ಬಾಗಿಲಿಗೆ ತೆಲುಗು ಪತ್ರಿಕೆ ಬಂದು ಬೀಳುವ ಹೊತ್ತಿಗೆ ಅಡುಗೆಮನೆಯಿಂದ ಕನ್ನಡದ ದಾಸರ ಪದ ಕೇಳಿಸುತ್ತದೆ. ಹಾಡುವ ಅಜ್ಜಿಗೆ ಕನ್ನಡ ಓದಲು ಬಾರದು, ಪದಗಳನ್ನು ತೆಲುಗು ಲಿಪಿಯಲ್ಲಿ ಬರೆದಿಟ್ಟುಕೊಂಡಿರುತ್ತಾಳೆ. ಶಾಸ್ತ್ರಕಾರರು ಇಲ್ಲಿ ಬಾಯಿ ಮುಚ್ಚಿಕೊಂಡಿರುವುದು ಲೇಸು. ಅಜ್ಜಿಯ ಹಾಡಿಗೆ ಕಾರಣ, ಸಹಕಾರಿ ಕಾರಣ ಹುಡುಕಹೊರಟರೆ ಲಟ್ಟಣಿಗೆ ಕೈಗೆ ಬರುತ್ತದೆ.

ಮೈಕ್ ಸೆಟ್ಟಿನ ವಿಧಿ

ಕಾರ್ಯದ ದಿನ ಬೇವಿನ ಮರಕ್ಕೆ ಕಟ್ಟಿದ ತಗಡಿನ ತುತ್ತೂರಿಯಿಂದ ಹಾಡು ಬರುವುದಕ್ಕೆ ಒಂದು ಕ್ರಮವಿದೆ. ಮೊದಲು ‘ಹಲೋ, ಹಲೋ, ಮೈಕ್ ಟೆಸ್ಟಿಂಗ್’ ಎಂಬ ನಾಂದಿ. ಬಳಿಕ 1963ರಿಂದಲೂ ದಕ್ಷಿಣದ ಬೆಳಗನ್ನು ಗುತ್ತಿಗೆ ಹಿಡಿದಿರುವ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ. ಅನಂತರ ಹನುಮಪ್ಪನ, ತಿಮ್ಮಪ್ಪನ, ರಾಯರ ಹಾಡುಗಳು. ತಾಳಿ ಕಟ್ಟುವ ಹೊತ್ತಿಗೆ ಮೈಕು ನಿಲ್ಲಿಸಿ ಭಜಂತ್ರಿಯವರಿಗೆ ಅವಕಾಶ. ಅಕ್ಕಿಕಾಳು ಬಿದ್ದ ಮರುಕ್ಷಣ ಸಿನಿಮಾ. ಭಜಂತ್ರಿ ಸಿಗದ ಕಡೆ ಶಹನಾಯಿಯ ಕ್ಯಾಸೆಟ್ ಹಾಕಿ ಮುಗಿಸುವುದೂ ಉಂಟು. 1977ರ ‘ಸನಾದಿ ಅಪ್ಪಣ್ಣ’ ಚಿತ್ರಕ್ಕೆ ಬಿಸ್ಮಿಲ್ಲಾ ಖಾನರೇ ಶಹನಾಯಿ ನುಡಿಸಿದ್ದರೆಂಬ ಮಾತನ್ನು ಇಂಥ ಸಂದರ್ಭದಲ್ಲಿ ಹಿರಿಯರೊಬ್ಬರು ಎತ್ತುತ್ತಾರೆ, ಪಕ್ಕದವರು ಅದನ್ನು ಮೊದಲ ಸಲ ಕೇಳಿದಂತೆ ಕೇಳುತ್ತಾರೆ. ಇದೂ ವಿಧಿಯ ಭಾಗವೇ.

ತುತ್ತೂರಿಯ ಮೈಕಿಗೆ ತಗ್ಗುಸ್ವರಗಳನ್ನು ಹೊರುವ ಶಕ್ತಿಯಿಲ್ಲ. ತಬಲದ ಎಡಗೈ, ಬೇಸ್ ಗಿಟಾರು ಎಲ್ಲ ತಗಡಿನಲ್ಲಿ ಸೋರಿಹೋಗಿ ಮಧ್ಯದ ಕಂಠವಷ್ಟೇ ಹೊರಗೆ ಬರುತ್ತದೆ. ಹಾಗಾಗಿ ಒಂದು ತಲೆಮಾರು ಆ ಹಾಡುಗಳಲ್ಲಿ ಮದ್ದಳೆಯೇ ಇರಲಿಲ್ಲವೆಂದು ತಿಳಿದಿದೆ. ಅದೇ ಹಾಡನ್ನು ಮಗ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿಸಿದಾಗ ಅಪ್ಪ ಅರ್ಧ ನಿಮಿಷ ಕೇಳಿ, ‘ಇದು ಅದಲ್ಲೋ, ಯಾರೋ ಬ್ಯಾರೆದವರು ಹಾಡ್ಯಾರ’ ಎಂದು ತೆಗೆದುಕೊಟ್ಟುಬಿಡುತ್ತಾನೆ. ಶುದ್ಧ ಧ್ವನಿ ಗ್ರೀಷ್ಮಗಾನಕ್ಕೆ ವಿಘ್ನ. ಕರಕರ ಇಲ್ಲದ ಕಡೆ ರಸನಿಷ್ಪತ್ತಿಯಿಲ್ಲ.

ಒಂದು ಅಪವಾದವನ್ನು ಮಾತ್ರ ಪ್ರತಿಯೊಬ್ಬ ಪ್ರಯಾಣಿಕನೂ ಕಲಿತಿರಬೇಕು. ದೂರದಿಂದ ಘಂಟಸಾಲರ ಭಗವದ್ಗೀತೆ ಕೇಳಿಸಿದರೆ ಅದು ಮದುವೆಮನೆಯಲ್ಲ. ತೆಲುಗು ಸೀಮೆಯಲ್ಲಿ ಆ ಧ್ವನಿಮುದ್ರಿಕೆ ಸಾವಿನ ಮನೆಗೆ ಮೀಸಲಾಗಿಬಿಟ್ಟಿದೆ. ಗಡಿಯಾಚೆಯಿಂದ ಮೊದಲ ಸಲ ಬಂದ ಬೀಗರು ಭಕ್ತಿಗೀತೆ ಕೇಳಿಸುತ್ತಿದೆಯೆಂದು ಆ ದಿಕ್ಕಿಗೆ ನಡೆದು, ಕೈಯಲ್ಲಿ ಆಯೇರಿಯ ಗಂಟು ಹಿಡಿದು, ಬಾಗಿಲಲ್ಲಿ ನಗುತ್ತ ನಿಂತರೆ ಮುಂದಿನದು ಯಾರ ಕೈಯಲ್ಲೂ ಇಲ್ಲ.

ವಾರಾಂತ್ಯಕರ್ಮ

ಕರ್ಮಗಳು ನಿತ್ಯ, ನೈಮಿತ್ತಿಕ, ಕಾಮ್ಯ, ನಿಷಿದ್ಧವೆಂದು ನಾಲ್ಕು ಬಗೆ. ಅಣ್ಣತಮ್ಮಂದಿರ, ಬೀಗರ, ಸೋದರಮಾವನ ಕಡೆಯ ಮದುವೆ ನಿತ್ಯಕರ್ಮ: ಮಾಡಿದರೆ ಪುಣ್ಯವಿಲ್ಲ, ಬಿಟ್ಟರೆ ಪಾಪ. ಗೃಹಪ್ರವೇಶ, ಜವಳ, ಸೀಮಂತ, ನಿವೃತ್ತಿಯ ಸನ್ಮಾನ ನೈಮಿತ್ತಿಕ. ಜುರಾಲ ಅಣೆಕಟ್ಟಿನ ಹತ್ತಿರ ಹೋಗಿ ಆಗತಾನೆ ಹಿಡಿದ ಮೀನು ಹುರಿಸಿಕೊಂಡು ತಿನ್ನುವುದು, ಪಂಚದೇವಪಹಾಡಿನ ದಂಡೆಯಿಂದ ಪುಟ್ಟಿಯಲ್ಲಿ ಕೃಷ್ಣೆ ದಾಟಿ ಕುರುವಪುರದ ಶ್ರೀಪಾದವಲ್ಲಭರ ದರ್ಶನ ಮಾಡುವುದು, ಹಳ್ಳಿಯಲ್ಲಿ ಎತ್ತುಗಳು ಬಂಡೆ ಎಳೆಯುವ ಪಂದ್ಯಕ್ಕೆ ನಿಂತು ಸಂಜೆಯವರೆಗೆ ಶಿಳ್ಳೆ ಹಾಕುವುದು ಕಾಮ್ಯ. ಮೀನು ಮತ್ತು ದರ್ಶನವನ್ನು ಒಂದೇ ದಿನ ಇಟ್ಟುಕೊಂಡರೆ ಕ್ರಮ ಹಿಂದುಮುಂದಾಗದಂತೆ ನೋಡಿಕೊಳ್ಳಬೇಕು. ಬಾಗಿಲು ಹಾಕಿಕೊಂಡು, ಕೂಲರ್ ಹಚ್ಚಿಕೊಂಡು, ಮನೆಯಲ್ಲೇ ಮಲಗುವುದು ನಿಷಿದ್ಧ.

ಮಾದರಿ ವಾರಾಂತ್ಯವೊಂದನ್ನು ಪರಿಶೀಲಿಸಬಹುದು. ಶನಿವಾರ ಸಂಜೆ ಮಕ್ತಲ್‌ನಲ್ಲಿ ಅರಿಸಿನದ ಶಾಸ್ತ್ರ. ಭಾನುವಾರ ಬೆಳಗ್ಗೆ ನಾರಾಯಣಪೇಟೆಯಲ್ಲಿ ಗೃಹಪ್ರವೇಶ, ಒಗ್ಗರಣೆ-ಮಿರ್ಚಿಯ ಹೊತ್ತಿಗೆ ತಲುಪುವುದು ಕ್ಷೇಮ. ಹನ್ನೆರಡು ಚಿಲ್ಲರೆಗೆ ಗದ್ವಾಲಿನ ಫಂಕ್ಷನ್ ಹಾಲಿನಲ್ಲಿ ಮದುವೆ. ಸಂಜೆ ರಾಯಚೂರಿನಲ್ಲಿ ರಿಸೆಪ್ಷನ್. ಗದ್ವಾಲಿನಿಂದ ಅಲ್ಲಿಗೆ 2013ರಲ್ಲಿ ರೈಲು ಬಂದಿದೆ, ಆದರೆ ಮದುವೆಯ ಊಟ ಮುಗಿಯುವ ಹೊತ್ತಿಗೂ ರೈಲಿನ ಹೊತ್ತಿಗೂ ಜಾತಕ ಕೂಡಿಬರಬೇಕು. ಪ್ರತಿ ಕಾರ್ಯಕ್ಕೂ ಮುಕ್ಕಾಲು ಗಂಟೆ. ಅದರಲ್ಲಿ ಚಪ್ಪಲಿ ಹುಡುಕಲು ಹತ್ತು ನಿಮಿಷ, ‘ಯಾವಾಗ ಬಂದ್ರಿ ಮಾವಾ, ಅತ್ತಿ ಎಲ್ಲ್ಯಾರ’ ಎಂಬುದಕ್ಕೆ ಉತ್ತರ ಹೇಳಲು ಹತ್ತು ನಿಮಿಷ, ವಧೂವರರ ಪಕ್ಕ ಫೋಟೋಕ್ಕೆ ನಿಲ್ಲುವ ಸಾಲಿನಲ್ಲಿ ಹತ್ತು. ಉಳಿದದ್ದು ಊಟಕ್ಕೆ ಸಾಲದ ಕಾರಣ ಊಟವನ್ನೇ ಮೊದಲು ಮಾಡಿ, ಆಮೇಲೆ ಬಂದವರಂತೆ ಮುಖ ಮಾಡಿಕೊಂಡು ಮಂಟಪಕ್ಕೆ ಹೋಗುವ ಪರಿಪಾಠ ಬೆಳೆದಿದೆ.

ಹೆಣ್ಣುಮಕ್ಕಳ ಸಿದ್ಧತೆ ಇದಕ್ಕಿಂತ ಸೂಕ್ಷ್ಮ. ಒಂದೇ ಬಳಗ ಭಾನುವಾರದ ಮೂರೂ ಕಡೆ ಸಿಗುವುದರಿಂದ ಒಂದೇ ಸೀರೆ ಮೂರು ಕಡೆ ನಡೆಯುವುದಿಲ್ಲ. ಬೆಳಗಿನ ಗೃಹಪ್ರವೇಶಕ್ಕೆ ಚೌಕಳಿಯ ನಾರಾಯಣಪೇಟೆ, ಮುಹೂರ್ತಕ್ಕೆ ರೇಷ್ಮೆಯಂಚಿನ ಗದ್ವಾಲ್, ರಿಸೆಪ್ಷನ್ನಿಗೆ ಎಲ್ಲಿಯದೋ ಗೊತ್ತಿಲ್ಲದ ಮಿಂಚಿನ ಸೀರೆ. ಮಡಿಸಿದರೆ ಬೆಂಕಿಪೊಟ್ಟಣದಲ್ಲಿ ಹಿಡಿಯುತ್ತದೆಂದು ಗದ್ವಾಲ್ ಸೀರೆಗೆ ಹಳೆಯ ಖ್ಯಾತಿ. ಬಸ್ಸಿನಲ್ಲಿ ಮಡಿಲಿಗೆ ಏರುವ ಚೀಲ ನೋಡಿದರೆ ಆ ಖ್ಯಾತಿಯನ್ನು ಒಪ್ಪುವುದು ಕಷ್ಟ.

ಬಸ್ಸಿನ ಪ್ರಕರಣ ಬಿಡುವಂಥದಲ್ಲ. ಕರ್ನಾಟಕದಲ್ಲಿ 2023ರ ಜೂನಿನಿಂದ, ತೆಲಂಗಾಣದಲ್ಲಿ ಅದೇ ಡಿಸೆಂಬರಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ತೆಲಂಗಾಣದ ಬಸ್ಸಿನಲ್ಲಿ ಈ ಸೌಕರ್ಯ ರಾಜ್ಯದ ಗಡಿಯವರೆಗೆ ಮಾತ್ರ. ರಾಯಚೂರಿಗೆ ಹೋಗುವವರು ಗಡಿಯಿಂದಾಚೆಗೆ ದುಡ್ಡು ಕೊಡಬೇಕು. ಕೃಷ್ಣಾ ಸೇತುವೆ ಹತ್ತಿರ ಬಂದಂತೆ ಕಂಡಕ್ಟರ್ ಎದ್ದು ನಿಲ್ಲುವುದರಿಂದ, ರಾಜ್ಯ ಮುಗಿಯಿತೆಂಬುದು ನಿದ್ದೆಯಲ್ಲಿದ್ದವರಿಗೂ ತಿಳಿಯುತ್ತದೆ. ಗಂಡಸರಿಗೆ ಎರಡೂ ಕಡೆ ಟಿಕೆಟ್ಟು, ಅವರ ಪಾಲಿಗೆ ದೇಶ ಅಖಂಡ.

ಶಾಸ್ತ್ರದ ಗುಟ್ಟು ಅಡಗಿರುವುದೂ ಈ ಪ್ರಯಾಣದಲ್ಲೇ. ಕಾರ್ಯದ ಜಾಗದಲ್ಲಿ ಯಾರೂ ಹಾಡು ಕೇಳುವುದಿಲ್ಲ. ಹಾಡಿನ ಮೇಲೆ ದನಿ ಎತ್ತರಿಸಿ ಮಾತಾಡುತ್ತಾರೆ. ಒಂದು ಕಾರ್ಯ ಮುಗಿದು ಇನ್ನೊಂದು ಶುರುವಾಗುವ ನಡುವೆ, ಹೊಟ್ಟೆ ತುಂಬಿ, ಕಿಟಕಿಯಿಂದ ಬಿಸಿಗಾಳಿ ಬೀಸುವಾಗ, ಬಾಡಿಗೆ ಜೀಪಿನ ಡ್ರೈವರು ತನ್ನ ಪೆನ್ ಡ್ರೈವ್ ಚುಚ್ಚುತ್ತಾನೆ. ಅದರಲ್ಲಿರುವ ನೂರಾರು ಹಾಡುಗಳ ಮೇಲೆ ಒಳಗೆ ಕೂತ ಹನ್ನೊಂದು ಜನರಿಗೆ ಯಾವ ಹಕ್ಕೂ ಇಲ್ಲ. ಕಿಟಕಿ ಮುಚ್ಚಿದರೆ ಸೆಕೆ, ಇಳಿದರೆ ಬಿಸಿಲು. ಮೈಕ್ ಸೆಟ್ಟಿನ ಒಡೆಯನ ಅಧಿಕಾರ ಈಗ ಡ್ರೈವರಿಗೆ ಬಂದಿದೆ. ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ಬೆವತು ಮಲಗಿರುವ ಮಗು, ಸಿದ್ಧಾಂತದ ಪ್ರಕಾರ, ಇದೇ ಹಾಡುಗಳಿಗಾಗಿ 2060ರ ಸುಮಾರಿಗೆ ಹಲುಬಬೇಕು. ಹಾಡುಗಳನ್ನು ಕೇಳಿದರೆ ಮಗುವಿನ ಬಗ್ಗೆ ಮರುಕ ಹುಟ್ಟುತ್ತದೆ, ಆದರೆ ಸಿದ್ಧಾಂತಕ್ಕೆ ದಯೆಯಿಲ್ಲ.

ಡಿಜೆ ಪ್ರಕರಣ

ಮೆರವಣಿಗೆಯ ಟ್ರ್ಯಾಕ್ಟರಿನ ಮೇಲೆ ಆಳೆತ್ತರ ಪೆಟ್ಟಿಗೆಗಳನ್ನು ಜೋಡಿಸಿ ಬಾರಿಸುವುದಕ್ಕೆ ಡಿಜೆ ಎನ್ನುತ್ತಾರೆ. ತುತ್ತೂರಿಗೆ ಇಲ್ಲದ ತಗ್ಗುಸ್ವರ ಇದಕ್ಕೆ ಮಾತ್ರ ಇದೆ. ಹಾಡು ಕಿವಿಯಿಂದ ಹೋಗದೆ ಪಕ್ಕೆಲುಬಿನಿಂದ ಹೋಗುವ ಕಾರಣ ಇದನ್ನು ಶ್ರವ್ಯ ಕಾವ್ಯದಲ್ಲಿ ಸೇರಿಸಬೇಕೋ ಚಿಕಿತ್ಸೆಯಲ್ಲಿ ಸೇರಿಸಬೇಕೋ ತೀರ್ಮಾನವಾಗಿಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಉತ್ಸವಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ರಾಜ್ಯ ಸರ್ಕಾರ ಸಡಿಲ ಮಾಡಬಹುದು. ವಸತಿ ಪ್ರದೇಶದ ಮಿತಿ ಹಗಲಿಗೆ 55 ಡೆಸಿಬೆಲ್. ಮಗಳನ್ನು ಬೀಳ್ಕೊಡುವಾಗಿನ ಅಳುವೇ ಈ ಮಿತಿಯನ್ನು ದಾಟುತ್ತದೆಯಾದ್ದರಿಂದ ನಿಯಮದ ಪಾಲನೆ ಮದುವೆಮನೆಯಲ್ಲಿ ಹೇಗೆಂಬುದು ವಿಚಾರಾರ್ಹ. ಡಿಜೆಯಲ್ಲೂ ಹಳೆಯ ಹಾಡೇ ಹಾಕುತ್ತಾರೆ, ವೇಗ ಹೆಚ್ಚಿಸಿ, ಕೆಳಗೆ ತಮಟೆ ಕೂಡಿಸಿ. ಹಿರಿಯರು ಆ ಹಾಡನ್ನು ಗುರುತಿಸುವಷ್ಟರಲ್ಲಿ ಅದು ಮುಗಿದಿರುತ್ತದೆ.

ಪ್ರಾಯಶ್ಚಿತ್ತ

ವಾರಾಂತ್ಯಕರ್ಮದಲ್ಲಿ ಲೋಪ ಸಹಜ, ಆದ್ದರಿಂದ ಪರಿಹಾರಗಳನ್ನೂ ಹೇಳಿದೆ. ನೈಮಿತ್ತಿಕಕ್ಕೆ ತಪ್ಪಿಸಿಕೊಂಡವರು ಫೋನು ಮಾಡಿ ‘ಕರೆಂಟ್ ಇರ್ಲಿಲ್ಲಕ್ಕಾ, ಮೊಬೈಲ್ ಸ್ವಿಚ್ ಆಫ್ ಆಗಿತ್ತು’ ಎಂದರೆ ಸಾಕು. ಬೇಸಿಗೆಯಲ್ಲಿ ಇದನ್ನು ಯಾರೂ ಪರೀಕ್ಷಿಸುವುದಿಲ್ಲ. ನಿತ್ಯಕರ್ಮಕ್ಕೆ ತಪ್ಪಿಸಿಕೊಂಡವರು ಮಂಗಳವಾರದೊಳಗೆ ಖುದ್ದಾಗಿ ಹೋಗಬೇಕು, ಉಳಿದ ಬೂಂದಿ ಲಾಡು ತಿನ್ನಬೇಕು, ಮದುವೆಯ ವಿಡಿಯೋ ಪೂರ್ತಿ ನೋಡಬೇಕು. ವಿಡಿಯೋಕ್ಕೆ ಹಿನ್ನೆಲೆಯಾಗಿ ಸ್ಟುಡಿಯೋದವನು ಕೂಡಿಸಿದ ಹಾಡುಗಳನ್ನು ಮುಂದೋಡಿಸಿದರೆ ಫಲವಿಲ್ಲ. ಸಾವಿನ ಮನೆಗೆ ಆಯೇರಿ ಒಯ್ದವರು ಗಂಟನ್ನು ಮಾತಿಲ್ಲದೆ ಬೆನ್ನ ಹಿಂದೆ ಸರಿಸಿ, ಅರ್ಧ ಗಂಟೆ ಕೂತು, ಮನೆಗೆ ಬಂದು ಸ್ನಾನ ಮಾಡಿ, ಮದುವೆಯನ್ನು ಮೊದಲಿನಿಂದ ಶುರುಮಾಡಬೇಕು.

ಕೊನೆಯದು ಅತಿ ಸಾಮಾನ್ಯವಾದ ದೋಷ. ಒಂದೇ ಕಾಂಪೌಂಡಿನಲ್ಲಿ ಎರಡು ಫಂಕ್ಷನ್ ಹಾಲುಗಳಿದ್ದು, ಎರಡರಲ್ಲೂ ಅದೇ ಹಳೆಯ ಹಾಡು ಹಾಕಿದ್ದರೆ, ಅವಸರದ ಅತಿಥಿ ಬೇರೆಯವರ ಮದುವೆಗೆ ಹೋಗಿಬಿಡುತ್ತಾನೆ. ಅಕ್ಕಿಕಾಳು ಹಾಕುವ ಮೊದಲು ತಿಳಿದರೆ ಎದ್ದು ಬರಬಹುದು. ಊಟವಾದ ಮೇಲೆ ತಿಳಿದರೆ ಅಡುಗೆಯನ್ನು ಹೊಗಳಿ ಬರಬೇಕು. ಮುಯ್ಯಿ ಬರೆಸಿದ ಮೇಲೆ ತಿಳಿದರೆ ಹಣ ಹಿಂತಿರುಗುವುದಿಲ್ಲ; ಪಟ್ಟಿಯಲ್ಲಿ ಹೆಸರು ಇರುವುದರಿಂದ ಆ ಮನೆಯವರು ಮುಂದಿನ ಬೇಸಿಗೆಯಲ್ಲಿ ಹುಡುಕಿಕೊಂಡು ಬಂದು ಮುಯ್ಯಿ ತೀರಿಸುತ್ತಾರೆ, ಅಲ್ಲಿಂದ ಅದು ನಿತ್ಯಕರ್ಮ.